ಹೊರಗಿನವರ ನೂಲು

14 ಮಾರ್ಚ್ 1998, ಶನಿವಾರ

ಅಮ್ಮ ಭದ್ರಾವತಿಯಿಂದ ಬಂದು ಹೋದ್ಲು. ಕೂತಿದ್ದು ಅರ್ಧ ಗಂಟೆ, ಚುಚ್ಚಿದ್ದು ಒಂದು ವರ್ಷಕ್ಕಾಗುವಷ್ಟು. ತಮ್ಮ ರುದ್ರೇಶನ ಮುಖ ಬೆಳಿಗ್ಗೆ ಎದ್ದಾಗ ಊದಿಕೊಂಡಿರುತ್ತಂತೆ, ಉಚ್ಚೆಯಲ್ಲಿ ಬರೀ ನೊರೆಯಂತೆ. ಅದಕ್ಕೂ ನಾನೇ ಕಾರಣ. "ನೀನೊಂದು ಹೆಣ್ಣು ಹೆತ್ತಿದ್ರೆ ಇಷ್ಟೊತ್ತಿಗೆ ಅವನಿಗೆ ಕಟ್ತಿದ್ದೆ. ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ ತಿಂದ್ಕೊಂಡು ನೆಟ್ಟಗಿರ್ತಿದ್ದ" ಅಂದ್ಲು. ಅಕ್ಕನ ಮಗಳನ್ನ ತಮ್ಮನಿಗೆ ಕೊಡೋದು ನಮ್ಮ ಮನೆತನದ ಪದ್ಧತಿ. ಅಕ್ಕ ಹೆಣ್ಣು ಹೆರದಿದ್ರೆ ತಮ್ಮನ ಉಚ್ಚೆಯಲ್ಲಿ ನೊರೆ ಬರುತ್ತೆ ಅನ್ನೋದು ನನಗೆ ಇವತ್ತೇ ಗೊತ್ತಾಗಿದ್ದು.

ನನ್ನನ್ನೂ ಹಾಗೇ ಇಟ್ಟಿದ್ರು, ಅಮ್ಮನ ತಮ್ಮ ಚಂದ್ರಶೇಖರಪ್ಪ ಮಾವನಿಗೆ. ಭದ್ರಾವತಿಯ ಮಿಲ್ಲಿನಲ್ಲಿ ಕೆಲಸ, ಕಿವಿ ಮಂದ, ಬಾಯಿ ತುಂಬ ನಗು. ಮೊದಲ ಬೋನಸ್ಸಿನಲ್ಲಿ ನನಗೆ ಹೊಲಿಗೆ ಮಿಷನ್ ತಂದುಕೊಟ್ಟಿದ್ದ. ಇನ್ನೇನು ಲಗ್ನಪತ್ರಿಕೆ ಬರೆಸಬೇಕು ಅನ್ನುವಾಗ ಮೈಯೆಲ್ಲ ಊದಿ ಹೋಗಿಬಿಟ್ಟ, ಇಪ್ಪತ್ತೇಳಕ್ಕೇ. ಆಮೇಲೆ ಹುಡುಕಾಡಿ ಆಯನೂರಿನ ಈ ಮನುಷ್ಯನಿಗೆ ಕಟ್ಟಿದ್ರು. ನಮ್ಮ ಮನೆಯಿಂದ ಹೊರಗೆ ಕೊಟ್ಟ ಮೊದಲ ಹೆಣ್ಣು ನಾನು. ಷಣ್ಮುಖಪ್ಪ ಅಂತ ಹೆಸರಿದ್ರೂ ಇಪ್ಪತ್ತು ವರ್ಷದಿಂದ ಅಮ್ಮನ ಬಾಯಲ್ಲಿ ಆ ಹೆಸರು ಬಂದಿಲ್ಲ, ಅಳಿಯ ಅನ್ನೋದೂ ಬಂದಿಲ್ಲ. "ಆಯನೂರಿನವರು", ಅಷ್ಟೇ.

ನಾನೂ ಜಗಳ ಆಡೋಕೆ ಹೋಗಲ್ಲ. ಈ ಮನುಷ್ಯ ಇರೋದೂ ಹಾಗೇ ಅಲ್ವಾ. ಕೋಟೆ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಮೈ ತುಂಬ ವಾರ್ನಿಷ್ ವಾಸನೆ. ಏನು ಕೇಳಿದ್ರೂ "ನೋಡೋಣ". ಮದುವೆಯಾದ ಹೊಸದರಲ್ಲಿ ಕೇಳದೇ ಮಾಡದೇ ಮಾವನ ಮಿಷನ್ನಿಗೆ ಒಂದು ಮೋಟರ್ ಕೂರಿಸಿದ. ಅದರ ಸ್ವಿಚ್ಚನ್ನ ನಾನು ಇವತ್ತಿನವರೆಗೂ ಒತ್ತಿಲ್ಲ. ನನ್ನ ಹತ್ರ ಹೊಲಿಗೆ ಕಲಿಯೋಕೆ ಬರೋ ಹುಡುಗೀರು ನಗ್ತಾರೆ. ನಗಲಿ, ನಾನು ಕಾಲಲ್ಲೇ ತುಳಿಯೋದು.

2 ಏಪ್ರಿಲ್ 1998, ಗುರುವಾರ

ರುದ್ರೇಶನನ್ನ ಕರೆಸಿಕೊಂಡು ಡಾಕ್ಟರ್ ಜ್ಞಾನೇಶ್ ಹತ್ರ ಹೋದ್ವಿ. ಇಲ್ಲೇ ದುರ್ಗಿಗುಡಿಯಲ್ಲಿ, ನಮ್ಮ ಹಿಂದಿನ ಬೀದಿಯ ನರ್ಸಿಂಗ್ ಹೋಮ್. ಹೊಸಬರು, ಕಿಡ್ನಿಯದ್ದೇ ಓದಿ ಬಂದವರು. ಕಿವಿಗೆ ಮಿಷನ್ ಯಾಕೆ ಹಾಕಿದ್ದೀರಿ ಅಂತ ರುದ್ರೇಶನನ್ನ ಕೇಳಿದ್ರು. ಅವನಿಗಿಂತ ಮೊದಲು ಅಮ್ಮ ಸೆರಗು ಸರಿಮಾಡ್ಕೊಂಡು, "ಮಿಲ್ಲಿನ ಕಿವಿ ಡಾಕ್ಟ್ರೇ. ನನ್ನ ತಮ್ಮನಿಗೂ ಹಿಂಗೇ ಇತ್ತು. ದುಡಿಯೋ ಗಂಡಸಿಗೆ ಇರೋದೇ" ಅಂದ್ಲು. ಭದ್ರಾವತಿಯಲ್ಲಿ ಅದೂ ಒಂದು ಹೆಮ್ಮೆ. ಕಿವಿ ನೆಟ್ಟಗಿದ್ದೋನು ಕೆಲಸಗಳ್ಳ ಅನ್ನೋ ಹಾಗೆ ಮಾತಾಡ್ತಾರೆ.

ನನಗೆ ರೇಗಿತು. "ಏನು ಮಿಲ್ಲು, ಮಣ್ಣು? ಏಳನೇ ಕ್ಲಾಸಿನಲ್ಲೇ ಗಣಪಯ್ಯ ಮೇಷ್ಟ್ರು ಇವನ ಕಿವಿ ಹಿಂಡಿ ಹಿಂಡಿ ಕೆಂಪು ಮಾಡ್ತಿದ್ರು, ಕೂಗಿದ್ರೆ ತಿರುಗಲ್ಲ ಅಂತ. ಮಿಲ್ಲಿಗೆ ಸೇರಿದ್ದು ಅದಾಗಿ ಎಷ್ಟೋ ವರ್ಷಕ್ಕೆ" ಅಂದೆ.

"ಅವರು ಹಿಂಡಿದ್ದಕ್ಕೇ ಕೆಟ್ಟಿರ್ಬೇಕು ಮಾರಾಯ್ತಿ" ಅಂತ ರುದ್ರೇಶ ನಕ್ಕ.

ಡಾಕ್ಟರು ನಗಲಿಲ್ಲ. ಬರೆಯೋದು ನಿಲ್ಲಿಸಿ, ಆ ನಿಮ್ಮ ಮಾವನಿಗೆ ಯಾವಾಗಿಂದ ಕೇಳ್ತಿರಲಿಲ್ಲ, ಅವರು ತೀರಿಕೊಂಡಾಗ ಮೈ ಊದಿತ್ತಾ, ಅಂತೆಲ್ಲ ಕೇಳಿದ್ರು. ಅಮ್ಮ ಮುಖ ತಿರುಗಿಸಿದ್ಲು. ನಾನೇ ಹೇಳಿದೆ. ಈ ಮನುಷ್ಯ ಬಾಗಿಲ ಹತ್ರವೇ ನಿಂತಿದ್ದ. ಕುರ್ಚಿ ಖಾಲಿ ಇದ್ರೂ ಕೂರು ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

19 ಮೇ 1998, ಮಂಗಳವಾರ

ರುದ್ರೇಶನ ಕಿಡ್ನಿಯಿಂದ ಸೂಜಿ ಹಾಕಿ ಒಂದು ಚೂರು ತೆಗೆದು ದೂರದ ಲ್ಯಾಬಿಗೆ ಕಳಿಸಿದ್ರಲ್ಲ, ಅದರ ಫೋಟೋ ಬಂದಿದೆ. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದ್ರು. ಕಿಡ್ನಿಯಲ್ಲಿ ರಕ್ತ ಸೋಸೋಕೆ ಲಕ್ಷಗಟ್ಟಲೆ ಸಣ್ಣ ಜರಡಿಗಳಿವೆಯಂತೆ. ಆ ಜರಡಿಯ ಪೊರೆಯನ್ನ ಕೊಲಾಜನ್ ಅನ್ನೋ ನೂಲಿನಲ್ಲಿ ನೇಯ್ದಿರುತ್ತಂತೆ. ರುದ್ರೇಶನಿಗೆ ಹುಟ್ಟಿನಿಂದಲೇ ಆ ನೂಲು ಸರಿಯಾಗಿ ಕೂಡಿಲ್ಲ. ಕಿವಿಯೊಳಗೂ ಅದೇ ನೂಲು ಇರೋದ್ರಿಂದ ಎರಡೂ ಒಟ್ಟಿಗೆ ಕೆಟ್ಟಿದೆ. ಮಾವನಿಗೂ ಇದೇ ಇದ್ದಿರ್ಬೇಕು ಅಂದ್ರು.

ಫೋಟೋ ನೋಡಿದೆ. ಬೂದಿ ಬಣ್ಣದ ಒಂದು ಪಟ್ಟಿ, ಒಂದು ಕಡೆ ಸವೆದು ತೆಳ್ಳಗಾಗಿದೆ, ಇನ್ನೊಂದು ಕಡೆ ಪದರ ಪದರ ಬಿಟ್ಟುಕೊಂಡಿದೆ. ಪೆಟ್ಟಿಗೆಯಲ್ಲಿಟ್ಟ ಹಳೇ ರೇಷ್ಮೆ ಸೀರೆ ಮಡಿಕೆಯಲ್ಲಿ ಬಿಡುತ್ತಲ್ಲ, ಹಾಗೆ. ಅಂಥ ಬಟ್ಟೆಗೆ ಎಲ್ಲಿ ಸೂಜಿ ಹಾಕಿದ್ರೂ ಅಲ್ಲೇ ಹರಿಯುತ್ತೆ. ಔಷಧಿ ಇಲ್ವಾ ಅಂದೆ. ಸ್ವಲ್ಪ ದಿನ ಮುಂದೂಡಬಹುದು ಅಂದ್ರು.

ಇದು ತಾಯಿ ಕಡೆಯಿಂದ ಬರೋದು ಅಂದಿದ್ದೇ ತಡ, ಅಮ್ಮ ಎದ್ದು ನಿಂತ್ಲು. ಹೆಂಗಸರಿಗೆ ಆ ನೂಲಿನ ಅಚ್ಚು ಎರಡಿರುತ್ತೆ, ಒಂದು ಕೆಟ್ರೂ ಇನ್ನೊಂದು ಕಾಯುತ್ತೆ, ಗಂಡಸಿಗೆ ಇರೋದೇ ಒಂದು, ಅಂತ ಅವರು ಹೇಳ್ತಿದ್ದಾರೆ, ಇವಳು "ನಮ್ಮ ವಂಶಕ್ಕೆ ಗೂಬೆ ಕೂರಿಸ್ತೀರಾ?" ಅಂತ ಕೂಗಾಟ. ಅವಳ ಉಚ್ಚೆ ಪರೀಕ್ಷೆ ಆಗಿತ್ತು, ರಕ್ತ ಕಂಡಿದೆ. ನೀವೂ ಒಮ್ಮೆ ಮಾಡಿಸಿ ಅಂತ ನನಗೂ ಹೇಳಿದ್ರು. ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ.

22 ಅಕ್ಟೋಬರ್ 1998, ಗುರುವಾರ

ದೀಪಾವಳಿಗೆ ಭದ್ರಾವತಿಗೆ ಹೋಗಿದ್ದೇ ತಪ್ಪಾಯ್ತು. ಅಳಿಯನಿಗೆ ಎಣ್ಣೆ ನೀರು ಹಾಕಿ ಪಂಚೆ ಕೊಡೋ ಹಬ್ಬ. ಅಮ್ಮ ಎಂದಿನ ಹಾಗೆ ಒಂದು ಟವಲ್ ಕೊಟ್ಲು. ಈ ಮನುಷ್ಯ ಎಂದಿನ ಹಾಗೆ ಅದನ್ನ ಕಣ್ಣಿಗೆ ಒತ್ಕೊಂಡ. ನನಗೆ ಅವಳ ಮೇಲೆ ಸಿಟ್ಟು ಬರಬೇಕೋ ಇವನ ಮೇಲೋ ತಿಳೀಲಿಲ್ಲ.

ಊಟ ಆದ ಮೇಲೆ ವಿಷಯ ಬಂತು. ರುದ್ರೇಶನ ಕಿಡ್ನಿ ಇನ್ನು ಕೆಲವು ತಿಂಗಳು, ಆಮೇಲೆ ರಕ್ತ ತೊಳೆಯೋ ಮಿಷನ್ನು, ಇಲ್ಲಾಂದ್ರೆ ಬೇರೆ ಕಿಡ್ನಿ. "ಒಡಹುಟ್ಟಿದವಳು ಅಂತ ನೀನೊಬ್ಳಿದ್ದೀಯ" ಅಂದ್ಲು ಅಮ್ಮ, ಸಾರಿಗೆ ಉಪ್ಪು ಕೇಳೋ ಹಾಗೆ.

"ಮೊದಲು ಹೆಣ್ಣು ಕೇಳಿದ್ರಿ, ಈಗ ಕಿಡ್ನಿ ಕೇಳ್ತಿದ್ದೀರಿ. ಮುಂದಿನ ಹಬ್ಬಕ್ಕೆ ಏನು ತರ್ಲಿ?" ಅಂದೆ.

"ನಿನಗೇನು ಮಕ್ಕಳಾ ಮರಿಯಾ, ಯಾರಿಗೆ ಇಟ್ಕೋಬೇಕು?"

ರುದ್ರೇಶ ಕಿವಿಯ ಮಿಷನ್ ಕಿತ್ತು ಜೇಬಿಗೆ ಹಾಕ್ಕೊಂಡು ಹಿತ್ತಲಿಗೆ ಹೋದ. ಈ ಮನುಷ್ಯ ಅವನ ಹಿಂದೆಯೇ ಹೋದ. ಇಬ್ಬರೂ ಕತ್ತಲಾಗೋವರೆಗೂ ಅಲ್ಲೇ ಕೂತಿದ್ರು. ಒಬ್ಬನಿಗೆ ಕೇಳಲ್ಲ, ಒಬ್ಬ ಮಾತಾಡಲ್ಲ. ಒಳ್ಳೇ ಜೋಡಿ.

8 ಫೆಬ್ರವರಿ 1999, ಸೋಮವಾರ

ಮಿಷನ್ ಶುರುವಾಯ್ತು. ನರ್ಸಿಂಗ್ ಹೋಮಿನಲ್ಲಿ ಇರೋದು ಒಂದೇ, ಸರದಿ ಕಾಯ್ಬೇಕು. ಕೈಗೆ ದಪ್ಪ ಸೂಜಿ, ರಕ್ತ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುತ್ತೆ. ಕುಡಿಯೋ ನೀರಿಗೂ ಅಳತೆ.

"ಅಕ್ಕ, ಭದ್ರಾ ನಾಲೆ ಪಕ್ಕ ಹುಟ್ಟಿ ಬೆಳೆದೋನಿಗೆ ಹೊತ್ತಿಗೆ ಅರ್ಧ ಲೋಟ ನೀರು! ಯಾರಿಗಾದ್ರೂ ಹೇಳಿದ್ರೆ ನಗ್ತಾರೆ" ಅಂದ. ತುಟಿ ಒಡೆದು ಬಿಳಿಚಿಕೊಂಡಿತ್ತು. ನಾನು ಗದರಿಸಿದೆ, ಸುಮ್ಮನೆ ಮಲಗು ಅಂತ. ಗದರದೆ ಇದ್ದಿದ್ರೆ ಅತ್ತುಬಿಡ್ತಿದ್ದೆ.

ನಾಳೆ ಪರೀಕ್ಷೆಗೆ ಹೋಗ್ತೀನಿ. ಅಮ್ಮನಿಗೋಸ್ಕರ ಅಲ್ಲ. ಅವಳಿಗೆ ನನ್ನ ಉಗುರಿನ ಚೂರೂ ಕೊಡಲ್ಲ. ಇವನನ್ನ ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೀನಿ.

2 ಮಾರ್ಚ್ 1999, ಮಂಗಳವಾರ

ಬೇಡವಂತೆ ನನ್ನ ಕಿಡ್ನಿ.

ನನ್ನ ಉಚ್ಚೆಯಲ್ಲೂ ರಕ್ತ ಇದೆಯಂತೆ, ಕಣ್ಣಿಗೆ ಕಾಣದಷ್ಟು. ನನ್ನ ಜರಡಿಯಲ್ಲೂ ಅದೇ ಬಲವಿಲ್ಲದ ನೂಲು ಬೆರೆತಿದೆ. "ಒಂದು ಕೊಟ್ರೆ ಉಳಿದ ಒಂದು ನಿಮ್ಮನ್ನ ಕೊನೇವರೆಗೆ ಕಾಯುತ್ತೆ ಅಂತ ನಾನು ಹೇಳೋಕಾಗಲ್ಲ, ಉಮಾಮಹೇಶ್ವರಿಯವರೇ" ಅಂದ್ರು ಡಾಕ್ಟರು. ಪರವಾಗಿಲ್ಲ ತಗೊಳ್ಳಿ ಅಂದೆ. ಆಗಲ್ಲ ಅಂದ್ರು. ನನ್ನದು ನಾನು ಕೊಡ್ತೀನಿ, ನಿಮಗೇನು, ಅಂತ ಕೂಗಾಡಿದೆ. ಕೊಡು ಅಂದಾಗ ಉರಿದುಬಿದ್ದವಳಿಗೆ ಬೇಡ ಅಂದಾಗ ಯಾಕೆ ಇಷ್ಟು ಉರಿಬೇಕೋ, ಗೊತ್ತಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರೆ ನಿನಗೆ ಮಕ್ಕಳಾಗದ್ದೇ ಒಳ್ಳೇದಾಯ್ತು ಬಿಡು" ಅಂದ್ಲು. ಇಪ್ಪತ್ತು ವರ್ಷ ಅದೇ ಮಾತಿಗೆ ನನ್ನನ್ನ ಅರೆದವಳು. ರಿಸೀವರ್ ಇಟ್ಟೆ. ಯಾರ ಹತ್ರವೂ ಮಾತು ಬೇಡ ಅನ್ನಿಸ್ತು. ಇವರು ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದ್ರು. ಸಕ್ಕರೆ ಹಾಕೋದೇ ಮರೆತಿದ್ರು, ಹಾಗೇ ಕುಡಿದೆ.

16 ಜುಲೈ 1999, ಶುಕ್ರವಾರ

ತಲೆ ಗಿರ್ರ್ ಅಂತಿದೆ. ಇವತ್ತು ಡಾಕ್ಟರು ನನ್ನನ್ನ ಕರೆದು, "ನಿಮ್ಮ ಯಜಮಾನರ ರಿಪೋರ್ಟೆಲ್ಲ ಬಂತು. ಹೊಂದುತ್ತೆ" ಅಂದ್ರು. ಯಾವ ರಿಪೋರ್ಟು? ನನಗೆ ಒಂದಕ್ಷರ ಗೊತ್ತಿಲ್ಲ. ಅಂಗಡಿಯಿಂದ ಊಟಕ್ಕೆ ಬರೋ ಹೊತ್ತಿನಲ್ಲಿ ಹೋಗಿ ಹೋಗಿ ರಕ್ತ ಕೊಟ್ಟು ಬಂದಿದ್ದಾರೆ!

ಸೀದಾ ಅಂಗಡಿಗೆ ಹೋದೆ. ಸುಟ್ಟ ಮೋಟರ್ ಬಿಚ್ಚಿಕೊಂಡು ಕೂತಿದ್ರು.

"ಏನ್ರೀ ಇದು? ನಿಮಗೂ ಅವನಿಗೂ ಏನು ರಕ್ತ ಸಂಬಂಧ?"

"ಇಲ್ಲ. ಅದಕ್ಕೇ ಆಗುತ್ತೆ ಅಂದ್ರಲ್ಲ ಡಾಕ್ಟ್ರು."

"ನಿಮಗೆ ಟವಲ್ ಕೊಟ್ಟ ಮನೆಗೆ ಕಿಡ್ನಿ ಕೊಡ್ತೀರಾ?"

ತಾಮ್ರದ ತಂತಿ ಸುತ್ತುತ್ತಾ ಇದ್ರು. ಕೈ ನಿಲ್ಲಿಸದೇ, "ಆ ಮನೆಯಲ್ಲಿ ಭಾವ ಅಂತ ಕರೆಯೋನು ಅವನೊಬ್ಬನೇ ಕಣೆ" ಅಂದ್ರು.

ಅಲ್ಲೇ ಅಂಗಡಿಯ ಡಬ್ಬದ ಮೇಲೆ ಕೂತುಬಿಟ್ಟೆ. ವಾರ್ನಿಷ್ ವಾಸನೆ ಮೂಗಿಗೆ ಹೊಡೀತಿತ್ತು. ಬೇಡ ಅನ್ನೋಕೆ ಬಾಯಿ ತೆರೆದೆ, ರುದ್ರೇಶನ ತುಟಿ ಕಣ್ಣ ಮುಂದೆ ಬಂತು. ಬೇಡ ಅನ್ನಲಿಲ್ಲ. ಸ್ವಾರ್ಥಿ ನಾನು.

14 ಸೆಪ್ಟೆಂಬರ್ 1999, ಮಂಗಳವಾರ

ಬೆಂಗಳೂರಿನಲ್ಲಿ ಸರ್ಕಾರದ ಸಮಿತಿ ಮುಂದೆ ನಿಂತು ಬಂದ್ವಿ. ರಕ್ತ ಸಂಬಂಧ ಇಲ್ಲದೋರು ಕಿಡ್ನಿ ಕೊಡಬೇಕಾದ್ರೆ ಅವರು ಒಪ್ಪಬೇಕು. ಯಾರಾದ್ರೂ ಆಸೆ ತೋರಿಸಿದ್ರಾ, ಹೆದರಿಸಿದ್ರಾ, ಎಲ್ಲ ಕೆದಕಿದ್ರು. ಹೊರಗಿನವರಾದ ನೀವು ಯಾಕೆ ಕೊಡ್ತೀರಿ ಅಂತ ಒಬ್ಬರು ಕೇಳಿದ್ರು. ಇವರು ನೆಲ ನೋಡ್ತಾ ನಿಂತ್ರು. ಅಯ್ಯೋ ದೇವರೇ, ಇಲ್ಲಿ ಬಂದು 'ನೋಡೋಣ' ಅಂದುಬಿಟ್ರೆ?

ಆಗ ಅಮ್ಮ ಮುಂದೆ ಬಂದು ಕೈ ಮುಗಿದ್ಲು. "ಹೊರಗಿನವರಲ್ಲ ಸ್ವಾಮಿ. ನಮ್ಮ ಅಳಿಯಂದಿರು. ನನಗೆ ಮಗ ಇದ್ದ ಹಾಗೆ" ಅಂದ್ಲು.

ಇವರ ತಲೆ ತಟ್ಟನೆ ಎದ್ದಿತು. ಅಮ್ಮನ ಮುಖವನ್ನೇ ನೋಡಿದ್ರು, ಮೊದಲ ಸಲ ನೋಡೋರ ಹಾಗೆ. ಇಪ್ಪತ್ತೊಂದು ವರ್ಷ ಬೇಕಾಯ್ತು ಆ ಒಂದು ಮಾತಿಗೆ, ಅದೂ ಒಂದು ಕಿಡ್ನಿ ಬೇಕಾದಾಗ. ಬಸ್ಸಿನಲ್ಲಿ ಬರ್ತಾ ಇವರ ಮುಖ ಅರಳಿತ್ತು. ನನಗೆ ಅದನ್ನ ನೋಡೋಕೇ ಆಗಲಿಲ್ಲ.

25 ನವೆಂಬರ್ 1999, ಗುರುವಾರ

ಬೆಂಗಳೂರಿನ ಆಸ್ಪತ್ರೆ. ಇಬ್ಬರದ್ದೂ ಆಯ್ತು. ಇಬ್ಬರಿಗೂ ಎಚ್ಚರ ಬಂತು. ಇವರು ಕಣ್ಣು ಬಿಟ್ಟು ಕೇಳಿದ್ದು, "ಅವನಿಗೆ ಉಚ್ಚೆ ಬಂತಾ?" ಬಂತು ಅಂದೆ. ಕಣ್ಣು ಮುಚ್ಕೊಂಡ್ರು.

15 ಜನವರಿ 2000, ಶನಿವಾರ

ಸಂಕ್ರಾಂತಿ. ರುದ್ರೇಶ ನಮ್ಮ ಮನೆಯಲ್ಲೇ ಇದ್ದಾನೆ, ಡಾಕ್ಟರು ಹತ್ರ ಅಂತ. ಬೆಳಿಗ್ಗೆ ದೊಡ್ಡ ತಂಬಿಗೆ ನೀರು ಗಟಗಟ ಕುಡಿದು, ಬಾಯಿ ಒರೆಸ್ಕೊಂಡು, "ಭಾವ, ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅಂದ. ಇವರು ಹೊಟ್ಟೆ ಹಿಡ್ಕೊಂಡು ನಕ್ರು, ಹೊಲಿಗೆ ಎಳೆದು ನೋವಾಗಿ ಮತ್ತೆ ನಕ್ರು. ಇವರು ಹೀಗೆ ನಗ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಅಮ್ಮ ಎಳ್ಳು ಬೆಲ್ಲದ ಜೊತೆ ಇವರಿಗೆ ಜರಿ ಪಂಚೆ ಕಳಿಸಿದ್ದಾಳೆ.

ಇವರ ಪೈಜಾಮದ ಲಾಡಿ ಗಾಯದ ಮೇಲೇ ಒತ್ತುತ್ತೆ ಅಂತ ಕಾಣುತ್ತೆ, ಆಗಾಗ ಕೆಳಗೆ ಎಳ್ಕೊಳ್ತಿದ್ರು. ಬಾಯಿ ಬಿಟ್ಟು ಹೇಳೋ ಗಿರಾಕಿ ಅಲ್ಲ. ನಾಲ್ಕು ಪೈಜಾಮಗಳ ಸೊಂಟ ಬಿಚ್ಚಿ ಮೆತ್ತನೆ ಪಟ್ಟಿ ಹಾಕಿ ಹೊಲಿದೆ. ಮಂಡಿ ನೋವು ಬೇರೆ, ಮೋಟರ್ ಹಾಕ್ಕೊಂಡು ಹೊಲಿದೆ. ಬೇಗ ಮುಗೀತು.

5 ಏಪ್ರಿಲ್ 2000, ಬುಧವಾರ

ಯುಗಾದಿ. ರುದ್ರೇಶನಿಗೆ ಬೇವು ಬೆಲ್ಲ ಸೇರಲಿಲ್ಲ, ವಾಂತಿ. ಉಚ್ಚೆ ಕೋಕಂ ನೀರಿನ ಹಾಗೆ ಕೆಂಪು. ಬೆಳಿಗ್ಗೆ ಮುಖ ನೋಡಿದೆ. ಊದಿದೆ.

27 ಏಪ್ರಿಲ್ 2000, ಗುರುವಾರ

ಬೆಂಗಳೂರಿನಲ್ಲಿ ಮತ್ತೆ ಸೂಜಿ ಹಾಕಿ ಚೂರು ತೆಗೆದ್ರು. ರಕ್ತವನ್ನೆಲ್ಲ ಸೋಸಿದ್ರು, ಔಷಧಿ ಏರಿಸಿದ್ರು. ಏನೂ ನಡೀಲಿಲ್ಲ. ಇವರ ಕಿಡ್ನಿ ರುದ್ರೇಶನ ಒಳಗೆ ಸತ್ತುಹೋಯ್ತು.

ಡಾಕ್ಟರ್ ಜ್ಞಾನೇಶ್ ಹತ್ರ ಬಂದು ಯಾಕೆ ಅಂತ ಕೇಳಿದೆ. ಅಷ್ಟು ಒಳ್ಳೇ ಕಿಡ್ನಿ, ಎಲ್ಲ ಹೊಂದುತ್ತೆ ಅಂದಿದ್ರಲ್ಲ? ಅವರು ಪಾಪ, ತಲೆ ತಗ್ಗಿಸಿಕೊಂಡೇ ಹೇಳಿದ್ರು. ಇಂಥ ರೋಗಿಗಳಲ್ಲಿ ಎಲ್ಲೋ ಒಬ್ಬಿಬ್ಬರಿಗೆ ಹೀಗಾಗುತ್ತಂತೆ. ರುದ್ರೇಶನ ಮೈ ಹುಟ್ಟಿದಾಗಿನಿಂದ ಸರಿಯಾದ ನೂಲನ್ನೇ ಕಂಡಿಲ್ಲ. ಹೊಸ ಕಿಡ್ನಿಯ ಜರಡಿಯಲ್ಲಿ ಗಟ್ಟಿ ನೂಲಿತ್ತು. ಇದು ಯಾವುದೋ ಹೊರಗಿನದು, ಶತ್ರು, ಅಂತ ತಿಳಿದು ಮೈ ಅದರ ಮೇಲೇ ಬಿದ್ದು ಎಳೆ ಎಳೆಯಾಗಿ ಕಿತ್ತುಹಾಕಿತು.

"ಹಾಗಾದ್ರೆ ಕಿಡ್ನಿ ಕೆಟ್ಟದ್ದಲ್ಲ?"

"ಖಂಡಿತ ಅಲ್ಲ. ಅದು ಚೆನ್ನಾಗಿದ್ದದ್ದೇ ತೊಂದರೆಯಾಯ್ತು."

ರುದ್ರೇಶನಿಗೆ ಕಿವಿಯ ಹತ್ರ ಬಾಯಿಟ್ಟು ಎಲ್ಲ ಹೇಳಿದೆ. ಅವನು ಗೋಡೆ ನೋಡ್ತಾ, "ನಮ್ಮ ಮನೆತನಕ್ಕೆ ಒಳ್ಳೇದು ಕಂಡ್ರೆ ಆಗಲ್ಲ ಬಿಡಕ್ಕ" ಅಂದ. ಈ ಸಲ ನಗಲಿಲ್ಲ. ಮತ್ತೆ ಹಳೇ ಮಿಷನ್ನು, ಹಳೇ ಸರದಿ, ಅರ್ಧ ಲೋಟ ನೀರು. ಇನ್ನೊಂದು ಕಿಡ್ನಿ ಹಾಕಿದ್ರೂ ಹೀಗೇ ಆಗುತ್ತೆ ಅಂದಿದ್ದಾರೆ.

ಇವರು ಭಾವನಾದವರು, ಹೋಗಿ ಅವನ ಪಾದ ಒತ್ತುತ್ತಾ ಕೂತ್ರು. ತಪ್ಪು ಮಾಡಿದವರ ಹಾಗೆ.

20 ಮೇ 2000, ಶನಿವಾರ

ಇವತ್ತು ರುದ್ರೇಶನ ಸರದಿ. ಭದ್ರಾವತಿಯ ಪಕ್ಕದ ಮನೆ ಕಾಳಮ್ಮ ನೋಡೋಕೆ ಬಂದಿದ್ಲು. ನಾನು ಒಳಗೆ ಅವನ ಹಾಸಿಗೆ ಹತ್ರ ಇದ್ದೆ. ಹೊರಗೆ ಬೆಂಚಿನ ಮೇಲೆ ಅಮ್ಮ ಅವಳಿಗೆ ಹೇಳ್ತಿದ್ಲು, "ಹೊರಗಿನದು ಹೊರಗಿನದೇ ಕಣೆ ಕಾಳಮ್ಮ. ನಮ್ಮ ರಕ್ತಕ್ಕೆ ಒಗ್ಗಲಿಲ್ಲ. ಆಯನೂರಿನವರದ್ದು ಮೊದಲೇ ಸರಿ ಇತ್ತೋ ಇಲ್ವೋ, ಶಿವನೇ ಬಲ್ಲ."

ಧಡಕ್ಕನೆ ಹೊರಗೆ ಬಂದೆ. ಊಟದ ಕ್ಯಾರಿಯರ್ ಹಿಡ್ಕೊಂಡು ಇವರು ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ರು. ಕೇಳಿಸ್ಕೊಂಡಿದ್ರು. ಅಂಗಿ ಕೆಳಗೆ ಅಮ್ಮ ಕೊಟ್ಟ ಆ ಜರಿ ಪಂಚೆ.

ನನಗೆ ಏನಾಯ್ತೋ ಗೊತ್ತಿಲ್ಲ, ಕೂಗಿಬಿಟ್ಟೆ. "ಅಮ್ಮಾ, ನಮ್ಮ ವಂಶದಲ್ಲಿ ಒಬ್ಬರ ಮೈಯಲ್ಲೂ ನೆಟ್ಟಗಿಲ್ಲದ ನೂಲು ಅದು. ನಿನ್ನಲ್ಲಿಲ್ಲ, ನನ್ನಲ್ಲಿಲ್ಲ, ನಿನ್ನ ತಮ್ಮನಲ್ಲಿರಲಿಲ್ಲ. ಸರಿಯಿದ್ದದ್ದು ಅದೊಂದೇ. ಅದನ್ನ ಗುರುತು ಹಿಡಿಯೋ ಯೋಗ್ಯತೆ ಇಲ್ಲದೆ ಕೊಂದಿದ್ದು ನಮ್ಮ ರಕ್ತ. ಇನ್ನೊಂದ್ಸಲ ಆಯನೂರಿನವರು ಅಂದ್ರೆ ನಾನು ನಿನ್ನ ಮಗಳಲ್ಲ. ಅವರಿಗೆ ಹೆಸರಿದೆ. ಷಣ್ಮುಖಪ್ಪ."

ನರ್ಸುಗಳೆಲ್ಲ ಬಂದು ನಿಂತ್ರು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ಲು. ನನಗೆ ಕರುಣೆ ಬರಲಿಲ್ಲ. ಬರುತ್ತೋ ಏನೋ ಮುಂದೆ, ಅವಳಿಗೂ ಮಗ ಹೋಗ್ತಿದ್ದಾನೆ. ಇವತ್ತಂತೂ ಬರಲಿಲ್ಲ.

ರುದ್ರೇಶನಿಗೆ ಊಟ ಕೊಟ್ಟು ನಾವಿಬ್ಬರೂ ನಡ್ಕೊಂಡು ಮನೆಗೆ ಹೊರಟ್ವಿ. ಬೀದಿ ತಿರುಗೋ ಹತ್ರ ಇವರು ಕೇಳಿದ್ರು, "ಅದನ್ನ ತೆಗೆದುಬಿಡ್ತಾರಾ?"

"ಯಾವುದನ್ನ?"

"ಅದೇ. ಕಿಡ್ನಿ."

"ಇಲ್ವಂತೆ. ತೊಂದರೆ ಕೊಡದಿದ್ರೆ ಒಳಗೇ ಬಿಟ್ಟುಬಿಡ್ತಾರಂತೆ."

ಕ್ಯಾರಿಯರನ್ನ ಇನ್ನೊಂದು ಕೈಗೆ ಬದಲಾಯಿಸ್ಕೊಂಡ್ರು.

"ಇರಲಿ ಬಿಡು" ಅಂದ್ರು. "ಒಂದು ಮೂಲೆಯಲ್ಲಿ ಇರುತ್ತೆ. ಅದು ಯಾರಿಗೂ ತೊಂದರೆ ಕೊಡಲ್ಲ."

ಕ್ಯಾರಿಯರ್ ಅವರ ಕೈಯಿಂದ ಇಸ್ಕೊಂಡೆ. ಖಾಲಿಯಾಗಿತ್ತು, ಆದ್ರೂ ಇಸ್ಕೊಂಡೆ.